ಬಾಯಮ್ಮನ ಮನೆಗೆ ಈ ಸಲ ನಮ್ಮ ತಟ್ಟೆ

ಪ್ರಶ್ನೆ: ಅಕ್ಕ, ಪಕ್ಕದ ಮನೆಯ ಬಾಯಮ್ಮ ಪ್ರತಿ ಕ್ರಿಸ್ಮಸ್‌ಗೂ ನಮಗೆ ಒಂದು ತಟ್ಟೆ ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ಕಳಿಸುತ್ತಿದ್ದರು. ಈಗ ಅವರಿಗೆ ವಯಸ್ಸಾಗಿದೆ, ಬಾಣಲೆ ಮುಂದೆ ನಿಲ್ಲಲು ಆಗುವುದಿಲ್ಲ. ಈ ಸಲ ನಾವೇ ಮಾಡಿ ಕೊಡೋಣ ಅಂತ ನನ್ನ ಮಕ್ಕಳಿಬ್ಬರೂ (6 ಮತ್ತು 11 ವರ್ಷ) ಹಟ ಹಿಡಿದಿದ್ದಾರೆ. ಮೊನ್ನೆ ರೋಸ್ ಕುಕ್ಕೀಸ್ (ಅಚ್ಚನ್ನು ಹಿಟ್ಟಿಗೆ ಅದ್ದಿ ಕರಿಯುವ ಹೂವಿನಾಕಾರದ ತಿಂಡಿ) ಮಾಡಲು ಹೋದೆ, ಒಂದೂ ಅಚ್ಚು ಬಿಟ್ಟು ಬರಲಿಲ್ಲ. ಓವನ್ ಕೂಡ ಇಲ್ಲ. ಕೇಕ್ ಆಗುತ್ತಾ?
– ಓದುಗರು, ಕಟಪಾಡಿ

ಉತ್ತರ: ಮಕ್ಕಳು ಹಿಡಿದಿರುವುದು ಒಳ್ಳೇ ಹಟ, ಬಿಡಬೇಡಿ.

ಮೊದಲು ಅಚ್ಚಿನ ವಿಷಯ. ಹೊಸ ಅಚ್ಚಾಗಿದ್ದರೆ ರಾತ್ರಿಯಿಡೀ ಎಣ್ಣೆಯಲ್ಲಿ ಮುಳುಗಿಸಿಡಿ. ಕರಿಯುವಾಗ ಅಚ್ಚು ಕಾದ ಎಣ್ಣೆಯಲ್ಲೇ ಇರಬೇಕು, ಹಿಟ್ಟಿಗೆ ಅದ್ದಿದ ಕೂಡಲೇ ‘ಚುರ್’ ಅನ್ನಬೇಕು, ಆ ಸದ್ದು ಬಾರದಿದ್ದರೆ ಅಚ್ಚು ಕಾದಿಲ್ಲ ಅಂತಲೇ ಲೆಕ್ಕ. ಇನ್ನೊಂದು, ಅಚ್ಚಿನ ಮುಕ್ಕಾಲು ಭಾಗ ಮಾತ್ರ ಅದ್ದಿ. ಮೇಲಂಚಿಗೆ ಹಿಟ್ಟು ಹತ್ತಿತೋ, ಹೂವು ಅಚ್ಚನ್ನು ಹಿಡಿದು ಕೂರುತ್ತದೆ. ನನಗೂ ಮೊದಲ ವರ್ಷ ಆಗಿದ್ದು ಇದೇ. ಹಿಟ್ಟಿಗೆ ಬೇಕಾದ್ದು 1 ಕಪ್ ಮೈದಾ, ಅರ್ಧ ಕಪ್ ಬೆಳ್ತಿಗೆ ಅಕ್ಕಿ ಹಿಟ್ಟು, 1 ಮೊಟ್ಟೆ, ಕಾಲು ಕಪ್ಪಿಗಿಂತ ಸ್ವಲ್ಪ ಜಾಸ್ತಿ ಸಕ್ಕರೆ ಪುಡಿ, ಚಿಟಿಕೆ ಉಪ್ಪು, ಕಲಸಲು ದಪ್ಪ ತೆಂಗಿನ ಹಾಲು. ನೀರುದೋಸೆ ಹಿಟ್ಟಿಗಿಂತ ದಪ್ಪ, ಉದ್ದಿನ ದೋಸೆ ಹಿಟ್ಟಿಗಿಂತ ತೆಳು, ಅಷ್ಟೇ ಹದ. ಸಕ್ಕರೆ ಹೆಚ್ಚಾದರೆ ಬೇಗ ಕಪ್ಪಾಗುತ್ತದೆ.

ಆದರೆ ಇದು ನಿಮ್ಮ ಕೆಲಸ, ಮಕ್ಕಳದ್ದಲ್ಲ. ಮಕ್ಕಳಿಗೆ ಕಿಡ್ಯೊ (ಸುರುಳಿ ಸುತ್ತಿ ಕರಿಯುವ ಸಿಹಿ ತಿಂಡಿ) ಸುತ್ತುವ ಕೆಲಸ ಕೊಡಿ. ಕೊಂಕಣಿಯಲ್ಲಿ ಕಿಡ್ಯೊ ಅಂದರೆ ಹುಳುಗಳು ಅಂತ ಹೇಳಿ ನೋಡಿ, ಚಿಕ್ಕವನೋ ಚಿಕ್ಕವಳೋ ಜಾಗ ಬಿಟ್ಟು ಏಳುವುದಿಲ್ಲ. ಮೈದಾಕ್ಕೆ ಒಂದು ಮೊಟ್ಟೆ, ತೆಂಗಿನ ಹಾಲು ಹಾಕಿ ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಕಲಸಿ, ಅರ್ಧ ಗಂಟೆ ಮುಚ್ಚಿಡಿ. ಗೋಲಿಗಿಂತ ಚಿಕ್ಕ ಉಂಡೆಯನ್ನು ಫೋರ್ಕಿನ ಬೆನ್ನ ಮೇಲಿಟ್ಟು ಹೆಬ್ಬೆರಳಲ್ಲಿ ಒತ್ತಿ, ಹಾಗೇ ಸುರುಳಿ ಸುತ್ತಿದರೆ ಮೈಮೇಲೆ ಗೆರೆ ಮೂಡುತ್ತದೆ. ಹೊಸ ಬಾಚಣಿಗೆಯಲ್ಲೂ ಮಾಡುತ್ತಾರೆ. ಸೊಟ್ಟಗಾದರೆ ಆಗಲಿ, ತಿದ್ದಲು ಹೋಗಬೇಡಿ, ಮಕ್ಕಳ ಮುಖ ಸಣ್ಣದಾಗುತ್ತದೆ. ಸಣ್ಣ ಉರಿಯಲ್ಲಿ ಕರಿಯುವುದು, ಪಾಕದಲ್ಲಿ ಹೊರಳಿಸುವುದು ಎರಡೂ ನೀವೇ ಮಾಡಿ. ಬಿಸಿ ಪಾಕ ಮೈಗೆ ಅಂಟಿಕೊಂಡು ಕೆಟ್ಟದಾಗಿ ಸುಡುತ್ತದೆ.

ಕೇಕ್ ಕುಕ್ಕರಿನಲ್ಲಿ ಚೆನ್ನಾಗಿಯೇ ಆಗುತ್ತದೆ. ಗ್ಯಾಸ್ಕೆಟ್, ವಿಸಿಲ್ ಎರಡನ್ನೂ ತೆಗೆಯಿರಿ, ನೀರು ಹಾಕಬೇಡಿ. ತಳಕ್ಕೆ ಒಂದು ಪದರ ಉಪ್ಪು, ಮೇಲೊಂದು ಸ್ಟ್ಯಾಂಡ್, 10 ನಿಮಿಷ ಕಾಯಿಸಿ ಪಾತ್ರೆ ಇಡಿ. ಸಣ್ಣ ಉರಿಯಲ್ಲಿ 45 ನಿಮಿಷ ಆದ ಮೇಲೆ ಕಡ್ಡಿ ಚುಚ್ಚಿ ನೋಡಿ. ದ್ರಾಕ್ಷಿ, ಗೋಡಂಬಿಗೆ ಮೈದಾ ಸವರಿ ಹಾಕಿದರೆ ತಳಕ್ಕೆ ಇಳಿಯುವುದು ಕಡಿಮೆಯಾಗಬಹುದು.

ಮತ್ತೊಂದು ಮಾತು. ತಟ್ಟೆ ಕೊಟ್ಟು ಬರುವುದಕ್ಕಿಂತ, ಕಿಡ್ಯೊ ಸುತ್ತುವ ದಿನವೇ ಬಾಯಮ್ಮನನ್ನು ಕರೆದು ಮೇಜಿನ ಮುಂದೆ ಕೂರಿಸಿ. ಎಣ್ಣೆ ಮುಂದೆ ನಿಲ್ಲಲು ಆಗದಿದ್ದರೇನು, ಅವರ ಬೆರಳಿಗೆ ಫೋರ್ಕ್ ಮರೆತಿರುವುದಿಲ್ಲ. ಹದ ಸರಿ ಇದೆಯೋ ಇಲ್ಲವೋ ಅವರು ಮುಟ್ಟಿ ಹೇಳುತ್ತಾರೆ, ಅದು ನನ್ನ ಅಳತೆಗಿಂತ ಗಟ್ಟಿ.

ಪ್ರಶ್ನೆ: ಮನೆಯಲ್ಲೇ ಕಾಗದದ ನಕ್ಷತ್ರ ಮಾಡಿದೆವು, ಚಪ್ಪಟೆಯಾಗಿ ಕೂತಿದೆ. ಯಾಕೆ?
– ಓದುಗರು, ಮಂಗಳೂರು

ಉತ್ತರ: ಒಂದೇ ನಕ್ಷತ್ರ ಕಟ್ಟಿರಬೇಕು. ಐದೈದು ಬಿದಿರಿನ ಕಡ್ಡಿಯ ಎರಡು ನಕ್ಷತ್ರ ಬೇಕು. ಐದು ತುದಿಗಳನ್ನೂ ಜೋಡಿಸಿ ಕಟ್ಟಿ, ಒಳಗೆ ಕಡ್ಡಿಗಳು ಒಂದನ್ನೊಂದು ದಾಟುವ ಐದು ಕಡೆ ಗೇಣಿಗಿಂತ ಗಿಡ್ಡ ಕಡ್ಡಿ ಅಡ್ಡ ಕೊಟ್ಟರೆ ಹೊಟ್ಟೆ ಉಬ್ಬುತ್ತದೆ. ದೀಪಾವಳಿಗೆ ಗೂಡುದೀಪ ಕಟ್ಟಿದ ಕೈಗೆ ಇದೇನೂ ಹೊಸದಲ್ಲ, ಅಲ್ವಾ? ಕಾಗದ ಅಂಟಿಸುವ ಮೊದಲೇ ಬಲ್ಬ್ ಇಳಿಸಲು ಒಂದು ಬದಿ ತೆರೆದಿಡಿ. ಬಲ್ಬ್ ಸಣ್ಣ ಎಲ್‌ಇಡಿಯೇ ಇರಲಿ, ಹಳೇ ಬಲ್ಬಿನ ಬಿಸಿಗೆ ಕಾಗದ ಸುಡುತ್ತದೆ.