ಕುವೈತಿಗೆ ಹೊರಟಿರುವ ಸಾಗರದ ತಮ್ಮನಿಗೆ

"ಯುದ್ಧ ಬಂದರೆ ನಮ್ಮ ನೇವಿಯವರು ಬಂದು ಕರ್ಕೊಂಡು ಹೋಗ್ತಾರಲ್ವಾ ಅಣ್ಣ? ಪೊಲೀಸರು ಹಿಡಿದರೆ ಎಂಬೆಸಿ ಬಿಡಿಸ್ತದಾ? ಅಲ್ಲಿ ಊಟ ಹೇಗೆ?" ಅಂತ ಕೇಳಿದ್ದೀಯ. ಇಲ್ಲಿ ಬಂದಿಳಿದಾಗ ನನ್ನ ತಲೆಯಲ್ಲೂ ಇವೇ ಇದ್ದವು.

ಊಟಕ್ಕೆ ಚಿಂತೆ ಬೇಡ, ಅಕ್ಕಿ, ಕಾಯಿ ಎಲ್ಲ ಸಿಗ್ತದೆ. ಅಪ್ಪೆಮಿಡಿ ಮನೆಯಿಂದಲೇ ತರಬೇಕು. ಅಮ್ಮ ಪಾಯಸಕ್ಕೆಂದು ಗಸಗಸೆ ಕಟ್ಟಿಕೊಟ್ಟರೆ ಮಾತ್ರ ಅಲ್ಲೇ ಬಿಟ್ಟು ಬಾ. ಕೊಲ್ಲಿ ದೇಶಗಳಲ್ಲಿ ಅದು ನಿಷಿದ್ಧ, ಏರ್‌ಪೋರ್ಟಿನಲ್ಲಿ ಸಿಕ್ಕಿದರೆ ಜೈಲೇ.

ಇನ್ನು ಯುದ್ಧದ ಮಾತು. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿದಾಗ ಇಲ್ಲಿಂದ ಊರಿಗೆ ಕರೆತರಬೇಕಾದ ಭಾರತೀಯರು 1.7 ಲಕ್ಷದಷ್ಟಿದ್ದರು. ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಬಾಗ್ದಾದಿಗೆ ಹೋಗಿ ಸದ್ದಾಂ ಹುಸೇನರನ್ನು ತಬ್ಬಿಕೊಂಡ ಫೋಟೋಗೆ ಆಗ ಬಂದ ಟೀಕೆ ಅಷ್ಟಿಷ್ಟಲ್ಲ. ಆದರೆ ಅಷ್ಟು ಜನ ಅವರ ಸೇನೆಯ ಕೈಯಲ್ಲಿ ಇರುವಾಗ ದೆಹಲಿ ಗಟ್ಟಿ ದನಿಯಲ್ಲಿ ಮಾತಾಡುವ ಹಾಗಿರಲಿಲ್ಲ. ಬಸ್ಸಿನಲ್ಲಿ ಬಾಗ್ದಾದ್ ದಾಟಿ ಜೋರ್ಡಾನಿನ ಅಮ್ಮಾನ್, ಅಲ್ಲಿಂದ ಏರ್ ಇಂಡಿಯಾ ವಿಮಾನ. ಜನ ಬದುಕಿದ್ದು ಆ ದಾರಿಯಿಂದ. ಸಂದರ್ಭ ಬಂದಾಗ ಭಾರತ ಯಾಕೆ ಸುಮ್ಮನಿದೆ ಅಂತ ಬೈಯುವ ಮೊದಲು ಇದನ್ನು ಯೋಚನೆ ಮಾಡು ಮಾರಾಯ.

ಇನ್ನೊಂದು ವಿಷಯ, ಹಡಗು ಬರೋದು ಬಂದರಿನವರೆಗೆ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಕಾಳಗ ಶುರುವಾದಾಗ ನಮ್ಮ ಶಿವಮೊಗ್ಗ, ದಾವಣಗೆರೆ ಕಡೆಯ ಹಕ್ಕಿಪಿಕ್ಕಿ ಜನ ಗಿಡಮೂಲಿಕೆ ಮಾರಲು ಹೋದವರು ಸಿಕ್ಕಿಬಿದ್ದರಲ್ಲ, ಅವರನ್ನೆಲ್ಲ ಕರೆತರುವ ಆಪರೇಷನ್ ಕಾವೇರಿಯಲ್ಲಿ ನೇವಿಯ ಹಡಗು ಐಎನ್‌ಎಸ್ ಸುಮೇಧಾ ನಿಂತದ್ದು ಪೋರ್ಟ್ ಸುಡಾನ್ ಬಂದರಿನಲ್ಲಿ. ರಾಜಧಾನಿ ಖಾರ್ತೂಮಿನಿಂದ ಅಲ್ಲಿಗೆ ರಸ್ತೆಯಲ್ಲಿ 800 ಕಿಲೋಮೀಟರಿಗೂ ಹೆಚ್ಚು. ಬಂದರು ಮುಟ್ಟಿದವರನ್ನು ಹಡಗು, ವಿಮಾನ ಸೌದಿಯ ಜೆಡ್ಡಾಕ್ಕೆ ದಾಟಿಸಿದವು. ಸೌದಿಯ ಜೊತೆ ಸಂಬಂಧ ಹಾಳಾಗಿದ್ದರೆ ಅದೂ ಕಷ್ಟವಿತ್ತು. ಹಾಗಾಗಿ ಬಂದ ವಾರದಲ್ಲೇ ಎಂಬೆಸಿಯಲ್ಲಿ ಹೆಸರು, ಫೋನು, ವಿಳಾಸ ನೋಂದಾಯಿಸು. ರೂಮು ಬದಲಾದಾಗ ಅದನ್ನೂ ತಿದ್ದಿಸು. ನೀನೆಲ್ಲಿದ್ದೀ ಅಂತ ಗೊತ್ತಿಲ್ಲದಿದ್ದರೆ ಯಾವ ಪಟ್ಟಿಯಲ್ಲೂ ನಿನ್ನ ಹೆಸರು ಬರೋದಿಲ್ಲ.

ಪಾಸ್‌ಪೋರ್ಟ್ ನಿನ್ನ ಕೈಯಲ್ಲೇ ಇರಲಿ. ಕಫೀಲ (ನಿನ್ನ ವೀಸಾಕ್ಕೆ ಹೊಣೆಯಾದ ಮಾಲೀಕ) "ಸೇಫಾಗಿ ಇಡ್ತೇನೆ" ಅಂದರೂ ಕೊಡಬೇಡ. ವೀಸಾ ಹಚ್ಚಲು ಕೊಡಲೇಬೇಕಾದಾಗ ಕೊಟ್ಟ ತಾರೀಕು ಬರೆಸಿ ಸಹಿ ತಗೋ. ಖಾಸಗಿ ಕಂಪನಿ ಕೆಲಸಗಾರರಿಗೆ 2025ರ ಜುಲೈ 1ರಿಂದ ದೇಶ ಬಿಡಲು ಮಾಲೀಕ ಒಪ್ಪಿದ ಎಕ್ಸಿಟ್ ಪರ್ಮಿಟ್ ಬೇರೆ ಬೇಕು. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ (ಅಪ್ಪ-ಅಮ್ಮನ ಹೆಸರು, ವಿಳಾಸ ಇರೋದು ಕೊನೆಯದರಲ್ಲಿ), ಸಿವಿಲ್ ಐಡಿಯ (ಇಲ್ಲಿನ ಗುರುತಿನ ಚೀಟಿ) ಎರಡೂ ಮುಖ, ಕೆಲಸದ ಕರಾರು, ನಾಲ್ಕು ಫೋಟೋ, ಇಷ್ಟನ್ನು ಒಂದು ಕವರಿನಲ್ಲಿ ರೂಮಿನಲ್ಲಿಡು, ಇನ್ನೊಂದು ಸೆಟ್ ಮನೆಯಲ್ಲಿರಲಿ. ಪಾಸ್‌ಪೋರ್ಟ್ ಕಳೆದರೆ ಎಂಬೆಸಿ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡ್ತದೆ, ಊರಿಗೆ ಹೋಗೋಕೆ ಮಾತ್ರ, ಒಮ್ಮೆಗೆ ಮಾತ್ರ. ನೀನು ಭಾರತೀಯ ಅಂತ ತೋರಿಸೋಕೆ ಆಗ ಆ ನಕಲೇ ಆಧಾರ. ಯುದ್ಧ ಮುಗಿದ ಮೇಲೂ ಕಾಗದ ಕೆಲಸಕ್ಕೆ ಬರ್ತದೆ: ವಿಶ್ವಸಂಸ್ಥೆಯ ಪರಿಹಾರ ಆಯೋಗ 1990ರಲ್ಲಿ ಕುವೈತ್, ಇರಾಕ್ ಬಿಟ್ಟವರಿಗೆ, ಹೊರಟ ತಾರೀಕಿನ ಸರಳ ದಾಖಲೆ ಇದ್ದರೆ, ಒಬ್ಬರಿಗೆ 2,500ರಿಂದ 4,000 ಡಾಲರ್, ಕುಟುಂಬಕ್ಕೆ 5,000ದಿಂದ 8,000 ಕೊಟ್ಟಿತು.

ಪೊಲೀಸರು ಹಿಡಿದರೆ? ಪರದೇಶದಲ್ಲಿ ಬಂಧನವಾದವರಿಗೆ ತಮ್ಮ ಎಂಬೆಸಿಯ ಸಂಪರ್ಕದ ಹಕ್ಕು ಕೊಡುವ 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ನಿನ್ನ ಪರ ಇದೆ. ಆದರೆ ಅದರಲ್ಲಿ ಒಂದು ಕೊಕ್ಕೆ ಉಂಟು: ನೀನು ಕೇಳಿಕೊಂಡರೆ ಮಾತ್ರ ಅವರು ಎಂಬೆಸಿಗೆ ತಿಳಿಸಬೇಕು. ಬಾಯಿ ಬಿಟ್ಟು ಕೇಳು. "ಸಿಫಾರಾ ಹಿಂದಿಯಾ" (ಭಾರತದ ಎಂಬೆಸಿ) ಅಂದರೆ ಅವರಿಗೆ ತಿಳೀತದೆ. ಅರಬ್ಬಿಯಲ್ಲಿ ಬರೆದ ಹೇಳಿಕೆಗೆ ಅನುವಾದಕ ಬರದೆ ಸಹಿ ಹಾಕಬೇಡ. ಎಂಬೆಸಿಯವರು ಬಂದು ನೋಡ್ತಾರೆ, ವಕೀಲರನ್ನು ಹುಡುಕಲು ನೆರವಾಗ್ತಾರೆ, ಮನೆಗೆ ತಿಳಿಸ್ತಾರೆ. ಬಿಡಿಸೋದು ಅವರ ಕೈಯಲ್ಲಿಲ್ಲ. ಪಾಕಿಸ್ತಾನ ಬೇಹುಗಾರ ಅಂತ ಮರಣದಂಡನೆ ವಿಧಿಸಿದ ಭಾರತೀಯ ಕುಲಭೂಷಣ್ ಜಾಧವ್ ಪ್ರಕರಣದಲ್ಲಿ 2019ರ ಜುಲೈ 17ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಪಾಕಿಸ್ತಾನ ಈ ವಿಧಿಯನ್ನು ಮುರಿದಿದೆ ಅಂತಲೇ ತೀರ್ಪು ಕೊಟ್ಟಿತು, ಶಿಕ್ಷೆಯನ್ನು ಮರುಪರಿಶೀಲಿಸಲು ಹೇಳಿತು. ಬಿಡುಗಡೆಗೆ ಭಾರತ ಕೇಳಿದ್ದನ್ನು ಮಾತ್ರ ಒಪ್ಪಲಿಲ್ಲ. ಅಷ್ಟು ದೊಡ್ಡ ಸೇನೆ ಇರುವ ದೇಶಕ್ಕೇ ಆದದ್ದು ಅಷ್ಟು.

ನನಗೆ ನಿನ್ನ ಬಗ್ಗೆ ಹೆಚ್ಚು ಭಯ ಇರೋದು ಇಲ್ಲಿ. ಕಾಗೋಡು ಸತ್ಯಾಗ್ರಹದ ನೆಲದವನು ನೀನು. ಗೇಣಿದಾರರು 1951ರಲ್ಲಿ ಎದ್ದು ನಿಂತ ಊರು ಅಂತ ನಮಗೆಲ್ಲ ಹೆಮ್ಮೆ. ಅನ್ಯಾಯ ಕಂಡರೆ ಡಿಸಿ ಆಫೀಸಿನ ಮುಂದೆ ಕೂರೋದು ನಮಗೆ ಅಭ್ಯಾಸ. ಕುವೈತಿನಲ್ಲಿ 1979ರ ಸಭೆಗಳ ಕಾನೂನು ವಿದೇಶಿಯರಿಗೆ ಮೆರವಣಿಗೆ, ಸಾರ್ವಜನಿಕ ಸಭೆಗಳಲ್ಲಿ ಸೇರುವ ಅವಕಾಶವನ್ನೇ ಕೊಟ್ಟಿಲ್ಲ. 2022ರ ಜೂನ್‌ನಲ್ಲಿ ಭಾರತದಲ್ಲಿ ಪ್ರವಾದಿಯವರ ಬಗ್ಗೆ ಆಡಿದ ಮಾತಿಗೆ ಫಹಾಹೀಲಿನಲ್ಲಿ ಪ್ರತಿಭಟಿಸಿದ ವಿದೇಶಿಯರನ್ನು ಗಡೀಪಾರು ಮಾಡುವುದಾಗಿ ಸರ್ಕಾರ ಹೇಳಿತು. ಆ ಮಾತನ್ನು ಸ್ವತಃ ಕುವೈತ್ ಸರ್ಕಾರವೇ ಖಂಡಿಸಿತ್ತು, ಗಮನಿಸು. ಗುಂಪು ಕಂಡರೆ ನೋಡೋಕೂ ನಿಲ್ಲಬೇಡ. ಮೊಬೈಲಿನಲ್ಲಿ ಬಂದದ್ದನ್ನು, ಗಲಾಟೆಯ ವಿಡಿಯೋ ಆಗಲಿ ಸೇನೆಯ ವಾಹನದ ಫೋಟೋ ಆಗಲಿ, ಮುಂದಕ್ಕೆ ಕಳಿಸಬೇಡ.

ಇಷ್ಟು ವರ್ಷವಾದರೂ ನನಗೆ ಒಂದು ಕೊರಗು ಉಳಿದಿದೆ. ಇಲ್ಲಿ ನಮಗೆ ಪೌರತ್ವ ಸಿಗೋದಿಲ್ಲ, ಮಕ್ಕಳು ಇಲ್ಲೇ ಹುಟ್ಟಿದರೂ ಇಲ್ಲ. ಅಲ್ಲಿ ಓಟು ಇದೆ, ಆದರೆ ಹಾಕಬೇಕಾದರೆ ಪಾಸ್‌ಪೋರ್ಟ್ ಹಿಡಿದು ನಮ್ಮ ಮತಗಟ್ಟೆಗೇ ಹೋಗಬೇಕು; ಇಲ್ಲಿ ಕೂತು ಹಾಕುವ ದಾರಿ ಇಲ್ಲ. ದೆಹಲಿಯ ವಿದೇಶಾಂಗ ನೀತಿ ಮೊದಲು ತಾಗೋದು ನಮಗೆ, ಅದರಲ್ಲಿ ನಮ್ಮ ಮಾತೇ ಇಲ್ಲ. ನೀನಾದರೂ ಬಂದ ಮೇಲೆ ಫಾರ್ಮ್ 6ಎ (ಹೊರದೇಶದಲ್ಲಿರುವವರು ಮತದಾರರ ಪಟ್ಟಿಗೆ ಸೇರುವ ಅರ್ಜಿ) ತುಂಬು, ಚುನಾವಣೆ ಸಮಯಕ್ಕೆ ರಜೆ ಹೊಂದಿಸಿಕೋ. ಅಡಿಕೆ ಕೊಯ್ಲಿಗೆ ಹೋಗುವ ರಜೆಯನ್ನು ಆ ವರ್ಷ ಮುಂದೆ ಹಾಕಿದರೂ ಮನೆಯವರು ಬೇಜಾರು ಮಾಡ್ಕೊಳ್ಳೋದಿಲ್ಲ.