ಎಷ್ಟು ಓದಿದರೂ ಡಿಗ್ರಿಯಲ್ಲಿ ಅಂಕ ಬರುತ್ತಿಲ್ಲ, ಏನು ಮಾಡಲಿ?

ಸಿರುಗುಪ್ಪದಿಂದ ಬಳ್ಳಾರಿಗೆ ದಿನಾ ಬಸ್ಸಿನಲ್ಲಿ ಓಡಾಡಿಕೊಂಡು ಬಿ.ಕಾಂ. ಮಾಡುತ್ತಿದ್ದೀರಿ, ರಾತ್ರಿ ಎರಡು ತಾಸು ಕೂತು ಓದುತ್ತೀರಿ, ಆದರೂ ಅಂಕ ಐವತ್ತು ದಾಟುತ್ತಿಲ್ಲ ಎಂದಿದ್ದೀರಿ. ನಾನು ಬಳ್ಳಾರಿಯಲ್ಲೇ ಕಾಲೇಜೊಂದರಲ್ಲಿ ಅಕೌಂಟ್ಸ್ ಪಾಠ ಮಾಡುವವಳು. ನನ್ನ ಸಲಹೆ ಇಷ್ಟೇ: ಓದುವ ತಾಸು ಹೆಚ್ಚಿಸಬೇಡಿ, ಅದರಲ್ಲಿ ಅರ್ಧ ಹೊತ್ತು ಪುಸ್ತಕ ಮುಚ್ಚಿಟ್ಟು ಬರೆಯಿರಿ.

ಡೆಪ್ರಿಸಿಯೇಶನ್, ಅಂದರೆ ಯಂತ್ರದಂಥ ಆಸ್ತಿಯ ಬೆಲೆ ವರ್ಷವರ್ಷ ಸವೆಯುವ ಲೆಕ್ಕವನ್ನೇ ತಗೊಳ್ಳಿ. ಒಂದು ಲಕ್ಷದ ಯಂತ್ರ, ವರ್ಷಕ್ಕೆ ಶೇ. 10, ಡಿಮಿನಿಶಿಂಗ್ ಬ್ಯಾಲೆನ್ಸ್, ಅಂದರೆ ಪ್ರತಿ ವರ್ಷ ಉಳಿದ ಬೆಲೆಯ ಮೇಲಷ್ಟೇ ಕಳೆಯುವುದು. ಮೊದಲ ವರ್ಷ 10,000, ಎರಡನೇ ವರ್ಷ 9,000, ಮೂರನೇ ವರ್ಷ 8,100. ನೋಟ್ಸ್ ನೋಡಿಕೊಂಡು ಹೋದರೆ ಇದರಲ್ಲೇನಿದೆ ಅನಿಸುತ್ತದೆ. ಪರೀಕ್ಷೆಯಲ್ಲಿ ಅದೇ ಯಂತ್ರವನ್ನು ಅಕ್ಟೋಬರ್ 1ಕ್ಕೆ ಕೊಂಡದ್ದು, ಲೆಕ್ಕ ಮಾರ್ಚ್ 31ಕ್ಕೆ ಮುಗಿಯುತ್ತದೆ ಎಂದು ಕೇಳಿದರೆ ಅರ್ಧ ಕ್ಲಾಸು ಎಡವುತ್ತದೆ. ಮೊದಲ ವರ್ಷಕ್ಕೆ ಆರು ತಿಂಗಳದ್ದು ಮಾತ್ರ, 5,000. ಮುಂದಿನ ವರ್ಷ 95,000ದ ಮೇಲೆ 9,500. ಸ್ವಂತ ಕೈಯಲ್ಲಿ ಒಮ್ಮೆ ಬಿಡಿಸಿ ತಪ್ಪಿದವರು ಮತ್ತೆ ಅಲ್ಲಿ ತಪ್ಪುವುದು ಕಡಿಮೆ.

2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಇದನ್ನು ಕಾಲೇಜು ವಿದ್ಯಾರ್ಥಿಗಳ ಮೇಲೆಯೇ ಪರೀಕ್ಷಿಸಿ ನೋಡಿದರು. ಒಂದು ಗುಂಪು ಪಾಠವನ್ನು ಎರಡು ಸಲ ಓದಿತು, ಇನ್ನೊಂದು ಒಮ್ಮೆ ಓದಿ ನೆನಪಿದ್ದಷ್ಟು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು. ವಾರ ಬಿಟ್ಟು ಕೇಳಿದರೆ ಬರೆದವರಿಗೆ ಸುಮಾರು ಶೇ. 56, ಓದಿದವರಿಗೆ ಶೇ. 42 ನೆನಪಿತ್ತು. ರಾತ್ರಿ ಎಲ್ಲಾ ಬರುತ್ತದೆ ಅನಿಸಿದ್ದು ಪರೀಕ್ಷೆ ಹಾಲಿನಲ್ಲಿ ಯಾಕೆ ಕೈಕೊಡುತ್ತದೆ ಎಂಬುದು ಇದರಲ್ಲೇ ಇದೆ.

ಇವತ್ತು ಬಿಡಿಸಿದ್ದನ್ನು ಮೂರು ದಿನ ಬಿಟ್ಟು, ಮತ್ತೆ ಒಂದು ವಾರ ಬಿಟ್ಟು, ನೋಡದೆ ಬಿಡಿಸಿ. ಆ ಹೊತ್ತಿಗೆ ಸ್ವಲ್ಪ ಮರೆತಿರುತ್ತೀರಿ, ಗಾಬರಿಯಾಗಬೇಡಿ. ತಿಣುಕಿ ನೆನಪಿಸಿಕೊಂಡದ್ದೇ ಗಟ್ಟಿಯಾಗಿ ನಿಲ್ಲುತ್ತದೆ.

ಬಸ್ಸಿನ ಕುಲುಕಾಟದಲ್ಲಿ ಓದಲು ಹೋಗಿ ಕಣ್ಣು ನೋಯಿಸಿಕೊಳ್ಳಬೇಡಿ. ಸೀಟು ಸಿಗಲಿ ಬಿಡಲಿ, ಇವತ್ತಿನ ಪಾಠದಲ್ಲಿ ಏನೇನಿತ್ತು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಬನ್ನಿ. ಥಿಯರಿಗೆ ಇದು ಬಹಳ ಒಳ್ಳೆಯದು. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಮೊದಲು ಕನ್ನಡದಲ್ಲೇ ಹೇಳಿಕೊಳ್ಳಿ, ಅರ್ಥವಾಗದ ಇಂಗ್ಲಿಷ್ ವಾಕ್ಯವನ್ನು ಉರು ಹೊಡೆಯಬೇಡಿ. ಇನ್ನು ನಿದ್ದೆಗೆಟ್ಟು ಓದುವುದಂತೂ ಬೇಡವೇ ಬೇಡ. ನಮ್ಮ ಬೇಸಿಗೆಯಲ್ಲಿ ತಲೆ ಓಡುವುದು ಬೆಳಗಿನ ತಂಪು ಹೊತ್ತಿನಲ್ಲೇ, ಬೇಗ ಮಲಗಿ ಐದಕ್ಕೆ ಏಳಿ.

ವಾರಕ್ಕೊಮ್ಮೆ ಹಳೇ ಪ್ರಶ್ನೆಪತ್ರಿಕೆಯೊಂದನ್ನು ಗಡಿಯಾರ ಇಟ್ಟುಕೊಂಡು ಬರೆದು, ಆ ಹಾಳೆಗಳನ್ನು ನಿಮ್ಮ ಲೆಕ್ಚರರ್‌ಗೆ ತೋರಿಸಿ. ಸ್ಟಾಫ್ ರೂಮಿಗೆ ಬರಲು ಅಂಜುವ ಮಕ್ಕಳೇ ಹೆಚ್ಚು. ಉತ್ತರ ಹೇಗೆ ಬಂತೆಂದು ತೋರಿಸುವ ವರ್ಕಿಂಗ್ ನೋಟ್ಸ್ ಬಿಟ್ಟಿದ್ದೀರಾ, ಡೆಬಿಟ್-ಕ್ರೆಡಿಟ್ ಎಂಟ್ರಿ ತಿರುಗಾಮುರುಗಾ ಆಗಿದೆಯಾ, ನಾವು ಐದು ನಿಮಿಷದಲ್ಲಿ ಹೇಳಬಲ್ಲೆವು. ಸಂಕೋಚ ಬಿಟ್ಟು ಹೋಗಿ ಕೇಳಿ.