ಬಚ್ಚಲ ಒಲೆಗೆ ಬಿದ್ದ ಮಾತ್ರೆಗಳು

(ಊರು, ವಯಸ್ಸು, ಮನೆಯ ವಿವರಗಳನ್ನು ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ನನಗಿಂತ ದೊಡ್ಡವರಾದ್ದರಿಂದ ಇಲ್ಲಿಯೂ ಅಕ್ಕ ಎಂದೇ ಕರೆಯುತ್ತೇನೆ.)

ಶಿರಸಿ ಕಡೆಯ ಅಡಿಕೆ ತೋಟದ ಮನೆ. ಅಕ್ಕನಿಗೆ 46 ವರ್ಷ. ಎಡ ಸ್ತನದಲ್ಲಿ ಗಂಟು ಕಂಡು, ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಿತ್ತು. ಆಮೇಲೆ ಕೀಮೋ, ರೇಡಿಯೇಷನ್. ಎಲ್ಲ ಮುಗಿದ ಮೇಲೆ ದಿನಕ್ಕೊಂದು ಟಾಮೋಕ್ಸಿಫೆನ್ 20 ಮಿಲಿಗ್ರಾಂ ಮಾತ್ರೆ, ಕಡಿಮೆ ಎಂದರೂ 5 ವರ್ಷ. ಆದರೆ ನನ್ನ ಬಳಿ ಬಂದದ್ದು ಕ್ಯಾನ್ಸರ್ ವಿಷಯಕ್ಕಲ್ಲ. "ಅತ್ತಿಗೆಗೆ ಸಿಟ್ಟು ಜಾಸ್ತಿ ಆಗಿದೆ, ನೀವು ಸ್ವಲ್ಪ ಹೇಳಿ" ಎಂದು ನಾದಿನಿ ಕರೆದುಕೊಂಡು ಬಂದಿದ್ದರು.

ನಾದಿನಿಯನ್ನು ಹೊರಗೆ ಕೂರಿಸಿ ಬಾಗಿಲು ಹಾಕಿದೆ. ಅಕ್ಕ ತುಂಬಾ ಹೊತ್ತು ಮಾತಾಡಲಿಲ್ಲ. ರಾತ್ರಿ ನಿದ್ದೆ ಬರುತ್ತದಾ ಎಂದು ಕೇಳಿದ್ದಕ್ಕೆ ಅಳು ಬಂತು. ಆಮೇಲೆ ಒಂದೇ ಉಸಿರಿಗೆ ಹೇಳಿಬಿಟ್ಟರು. ನಾಲ್ಕು ತಿಂಗಳಿಂದ ಮಾತ್ರೆ ನುಂಗುತ್ತಿಲ್ಲ. ಯಜಮಾನರು ತಿಂಗಳು ತಿಂಗಳು ತಪ್ಪದೆ ತಂದು ಕೊಡುತ್ತಾರೆ. ಇವರು ದಿನಾ ಒಂದು ಬಿಡಿಸಿ, ಬೆಳಿಗ್ಗೆ ನೀರು ಕಾಯಿಸುವಾಗ ಬಚ್ಚಲ ಒಲೆಗೆ ಹಾಕುತ್ತಾರೆ.

"ಹಾರ್ಮೋನ್ ಮಾತ್ರೆ ಅಂದ್ರು. ನನ್ನ ಕ್ಯಾನ್ಸರ್ ಬೆಳೆಯೋದೇ ಹಾರ್ಮೋನಿಂದ ಅಂತಲೂ ಅಂದ್ರು. ಮತ್ತೆ ಅದನ್ನೇ ಯಾಕೆ ತಿನ್ನಬೇಕು ತಂಗಿ?"

ಒಳ್ಳೆಯ ಪ್ರಶ್ನೆ. ನೂರು ಜನ ಕಾಯುತ್ತಿರುವ ಓ.ಪಿ.ಡಿ.ಯಲ್ಲಿ ಇದನ್ನು ಕೇಳಲು ಎಲ್ಲರಿಗೂ ಧೈರ್ಯ ಬರುವುದಿಲ್ಲ.

ಅವರ ಫೈಲಿನಲ್ಲಿದ್ದ ಬಯಾಪ್ಸಿ ರಿಪೋರ್ಟ್ ತೆಗೆದು ತೋರಿಸಿದೆ. ಇ.ಆರ್. ಪಾಸಿಟಿವ್, ಪಿ.ಆರ್. ಪಾಸಿಟಿವ್ ಎಂದಿತ್ತು. ಅಂದರೆ ಗಂಟಿನ ಕೋಶಗಳಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ಹೆಣ್ಣು ಹಾರ್ಮೋನುಗಳು ಬಂದು ಕೂರುವ ಜಾಗಗಳಿವೆ. ಈಸ್ಟ್ರೋಜನ್ ಅಲ್ಲಿ ಕೂತರೆ ಕೋಶಕ್ಕೆ ಬೆಳೆಯಲು ಅಪ್ಪಣೆ ಸಿಕ್ಕಂತೆ. ಟಾಮೋಕ್ಸಿಫೆನ್ ಹಾರ್ಮೋನನ್ನು ಸೇರಿಸುವ ಮಾತ್ರೆಯಲ್ಲ. ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಅದು ಮಾಡುವುದೂ ಅಷ್ಟೇ. ಸ್ತನದ ಕೋಶದಲ್ಲಿ ತಾನೇ ಜಾಗ ಹಿಡಿದು ಈಸ್ಟ್ರೋಜನ್ ಕೂರದ ಹಾಗೆ ಮಾಡುತ್ತದೆ. ಅಕ್ಕ ನಕ್ಕರು. "ಹಾಗಾದ್ರೆ ನಾನು ನಾಲ್ಕು ತಿಂಗಳಿಂದ ಟವೆಲ್ ಹಾಕ್ಲಿಲ್ಲ" ಎಂದರು.

ಈ ನಂಟು ಹೊಸದಾಗಿ ಗೊತ್ತಾದದ್ದಲ್ಲ. 1896ರಲ್ಲೇ ಸ್ಕಾಟ್ಲೆಂಡಿನ ಜಾರ್ಜ್ ಬೀಟ್ಸನ್ ಎಂಬ ವೈದ್ಯರು ಅಂಡಾಶಯ ತೆಗೆದರೆ ಕೆಲವರ ಸ್ತನ ಕ್ಯಾನ್ಸರ್ ಕುಗ್ಗುತ್ತದೆ ಎಂದು ಬರೆದಿದ್ದರು. ಈಗ ಅದೇ ಕೆಲಸವನ್ನು ಒಂದು ಸಣ್ಣ ಮಾತ್ರೆ ಬೇರೆ ದಾರಿಯಿಂದ ಮಾಡುತ್ತದೆ. ಹಾರ್ಮೋನ್ ಪಾಸಿಟಿವ್ ಇದ್ದವರು 5 ವರ್ಷ ಟಾಮೋಕ್ಸಿಫೆನ್ ತೆಗೆದುಕೊಂಡರೆ, ಮುಂದಿನ 15 ವರ್ಷಗಳಲ್ಲಿ ಈ ಕ್ಯಾನ್ಸರ್‌ನಿಂದ ಆಗುವ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗುತ್ತದೆ. ಕೆಲವರಿಗೆ ವೈದ್ಯರು 10 ವರ್ಷದವರೆಗೂ ಮುಂದುವರಿಸುತ್ತಾರೆ, ಯಾಕೆಂದರೆ ಈ ಬಗೆಯ ಕ್ಯಾನ್ಸರ್ 5 ವರ್ಷ ಕಳೆದ ಮೇಲೂ ತಿರುಗಿ ಬರಬಹುದು. ಇದನ್ನು ಹೆದರಿಸಲು ಹೇಳಲಿಲ್ಲ. ಒಲೆಗೆ ಹಾಕುತ್ತಿದ್ದುದು ಏನು ಎಂದು ಅವರಿಗೆ ತಿಳಿದಿರಬೇಕಿತ್ತು.

ಆದರೆ ಬರೀ ತಿಳಿಯದೆ ಅವರು ಮಾತ್ರೆ ಬಿಟ್ಟಿರಲಿಲ್ಲ.

ದಿನಕ್ಕೆ ಹತ್ತಾರು ಸಲ ಎದೆಯಿಂದ ಮುಖಕ್ಕೆ ಝಳ ಏರುತ್ತಿತ್ತು. ರಾತ್ರಿ ಬೆವತು ನೈಟಿ ಬದಲಿಸಬೇಕು. ಆ ಮನೆಯಲ್ಲಿ ಕೊಯ್ಲಿನ ಕಾಲಕ್ಕೆ ಅಡಿಕೆ ಬೇಯಿಸುವ ಒಲೆಯ ಮುಂದೆ ನಿಲ್ಲುವುದು ಅಕ್ಕನ ಕೆಲಸ. ಅಲ್ಲಿ ನಿಂತಾಗ ಝಳ ಬಂದರೆ ಎಲ್ಲ ಬಿಟ್ಟು ಓಡಬೇಕು ಅನ್ನಿಸುತ್ತಿತ್ತಂತೆ. ಅತ್ತೆ "ಮೈಯಲ್ಲಿ ಉಷ್ಣ ಸೇರಿದೆ" ಎಂದು ತಂಬುಳಿ, ಮುರುಗಲು ಪಾನಕ ಮಾಡಿಕೊಟ್ಟರು. ಅದರಿಂದ ತೊಂದರೆಯಿಲ್ಲ, ಕುಡಿಯಲಿ. ಆದರೆ ಇದು ಊಟದಿಂದ ಬಂದ ಉಷ್ಣವಲ್ಲ. ಈಸ್ಟ್ರೋಜನ್‌ನ ಕೆಲಸ ನಿಂತಾಗ ಮೆದುಳಿನಲ್ಲಿ ಮೈಯ ಶಾಖ ಕಾಯುವ ಭಾಗ ತೀರಾ ಸೂಕ್ಷ್ಮವಾಗುತ್ತದೆ. ಸ್ವಲ್ಪ ಸೆಖೆಯಾದರೂ ಬೆವರಿಸಿ ತಂಪು ಮಾಡಲು ಹೊರಡುತ್ತದೆ. ಅರ್ಧ ರಾತ್ರಿ ನಿದ್ದೆಯಿಲ್ಲದವರಿಗೆ ಸಿಟ್ಟು ಬಾರದೆ ಇನ್ನೇನು? ನಾದಿನಿಯ ದೂರಿಗೆ ಅರ್ಧ ಉತ್ತರ ಇಲ್ಲೇ ಇತ್ತು.

ಇನ್ನರ್ಧ ಮಲಗುವ ಕೋಣೆಯದು. ಒಳಭಾಗ ಒಣಗಿ, ಕೂಡುವಾಗ ಉರಿ, ನೋವು. ಇವರು ಬೇಡವೆಂದರು. ಯಜಮಾನರು ಜಗುಲಿಗೆ ಹಾಸಿಗೆ ಹಾಕಿದರು. ಯಾರೂ ಯಾರನ್ನೂ ಏನೂ ಕೇಳಲಿಲ್ಲ. "ಒಂದು ಎದೆ ಇಲ್ಲದವಳು, ಅವರಿಗೆ ಅಸಹ್ಯ ಆಗಿದೆ" ಎಂದು ಅಕ್ಕ ತೀರ್ಮಾನ ಮಾಡಿಕೊಂಡಿದ್ದರು. ಮಾತ್ರೆ ಬಿಟ್ಟರೆ ಎಲ್ಲ ಮೊದಲಿನಂತೆ ಆಗಬಹುದು ಎಂಬ ಆಸೆ. ಮಾತ್ರೆ ಬಿಟ್ಟ ಮೇಲೆ ಝಳ ಕಡಿಮೆಯಾಗಿತ್ತು, ಜಗುಲಿಯ ಹಾಸಿಗೆ ಮಾತ್ರ ಅಲ್ಲೇ ಇತ್ತು. ಸಿಟ್ಟೂ ಹೋಗಿರಲಿಲ್ಲ.

ನಾನು ಮೊದಲು ಹೇಳಿದ್ದು ಇಷ್ಟೇ: ನಿಲ್ಲಿಸಿದ್ದನ್ನು ಡಾಕ್ಟರಿಗೆ ಹೇಳಿ. ಅವರು ಬೈದರೂ ಹೇಳಿ. ಅಡ್ಡಪರಿಣಾಮಕ್ಕೆ ಮದ್ದಿದೆ, ಮುಚ್ಚಿಟ್ಟದ್ದಕ್ಕೆ ಇಲ್ಲ. ಬಿಟ್ಟುಹೋದ ಮಾತ್ರೆಗಳನ್ನು ಸೇರಿಸಿ ಎರಡೆರಡು ನುಂಗಬೇಡಿ. ತೊಂದರೆಗಳನ್ನೆಲ್ಲ ನಾನೇ ಒಂದು ಚೀಟಿಯಲ್ಲಿ ಬರೆದುಕೊಟ್ಟೆ, ಒಣಗುವ ವಿಷಯವನ್ನೂ ಸೇರಿಸಿ. ಬಾಯಲ್ಲಿ ಹೇಳಲು ಆಗದಿದ್ದರೆ ಚೀಟಿ ಮುಂದೆ ಇಟ್ಟರೆ ಸಾಕು.

ಅಕ್ಕನದು ಇನ್ನೊಂದು ಯೋಚನೆ. ಕುಮಟಾದ ಚಿಕ್ಕಮ್ಮನಿಗೂ ಇದೇ ಕಾಯಿಲೆ. ಅವರು ಲೆಟ್ರೊಜೋಲ್ ತಿನ್ನುತ್ತಾರೆ, ಬೆವರು ಇಷ್ಟಿಲ್ಲ. ಅದನ್ನೇ ಕೇಳಿದರೆ ಹೇಗೆ? ಮಾತ್ರೆ ಹೋಲಿಸುವುದು ಮದುವೆಮನೆಗಳಲ್ಲಿ ನಡೆದೇ ಇರುತ್ತದೆ, ಅಲ್ವಾ? ಚಿಕ್ಕಮ್ಮನಿಗೆ 60 ದಾಟಿದೆ. ಮುಟ್ಟು ಪೂರ್ತಿ ನಿಂತವರಲ್ಲಿ ಅಂಡಾಶಯ ಸುಮ್ಮನಾಗಿರುತ್ತದೆ, ಕೊಬ್ಬಿನಲ್ಲಿ ಮತ್ತು ಬೇರೆ ಕಡೆ ಅರೊಮಟೇಸ್ ಎಂಬ ಕಿಣ್ವದಿಂದ ಸ್ವಲ್ಪ ಈಸ್ಟ್ರೋಜನ್ ತಯಾರಾಗುತ್ತದೆ. ಲೆಟ್ರೊಜೋಲ್ ತಡೆಯುವುದು ಅದನ್ನು. ಅಂಡಾಶಯ ಇನ್ನೂ ಕೆಲಸ ಮಾಡುತ್ತಿದ್ದರೆ ಆ ಮಾತ್ರೆ ಒಂದರಿಂದಲೇ ಪ್ರಯೋಜನವಿಲ್ಲ. ಅಕ್ಕನಿಗೆ ಕೀಮೋ ನಂತರ ಮುಟ್ಟು ಬಂದಿಲ್ಲ ನಿಜ, ಆದರೆ ಅಷ್ಟರಿಂದಲೇ ಅಂಡಾಶಯ ನಿಂತಿದೆ ಎನ್ನಲಾಗದು. ಇದೇ ಕಾರಣಕ್ಕೆ ಗರ್ಭನಿರೋಧದ ಮಾತೂ ಎತ್ತಬೇಕಾಯಿತು. ಟಾಮೋಕ್ಸಿಫೆನ್ ತಿನ್ನುವಾಗ ಬಸಿರಾದರೆ ಮಗುವಿಗೆ ಅಪಾಯ. ಹಾರ್ಮೋನ್ ಇರುವ ಗುಳಿಗೆ ಬೇಡ, ಕಾಂಡೋಮ್ ಅಥವಾ ಕಾಪರ್-ಟಿ ಆಗಬಹುದು. ಇನ್ನು ಚಿಕ್ಕಮ್ಮನ ಮಾತ್ರೆಗೂ ಅದರದೇ ಕಾಟ ಇದೆ: ಬೆಳಿಗ್ಗೆ ಏಳುವಾಗ ಕೀಲುನೋವು, ಮೂಳೆ ಸವೆತ. ಅವರಿಗೆ ಮೂಳೆಯ ಗಟ್ಟಿತನ ನೋಡುವ ಸ್ಕ್ಯಾನ್ ಆಗಿದೆಯೇ ಎಂದು ವಿಚಾರಿಸಲು ಹೇಳಿದೆ.

ನಾದಿನಿ ಪ್ರೀತಿಯಿಂದ ತಂದುಕೊಟ್ಟ ಶತಾವರಿ ಲೇಹ್ಯವನ್ನು ನಿಲ್ಲಿಸಿ, ಡಾಕ್ಟರಿಗೆ ತೋರಿಸಿ ಎಂದೆ. ಈಸ್ಟ್ರೋಜನ್‌ನಂಥ ಗುಣ ಇರಬಹುದಾದ ಮೂಲಿಕೆಯನ್ನು ಈ ಕಾಯಿಲೆಯವರು ಕೇಳದೆ ತಿನ್ನುವುದು ಬೇಡ. ಪೇಟೆಯಲ್ಲಿ ಯಾರೋ ಮನಸ್ಸಿನ ಬೇಸರಕ್ಕೆಂದು ಬರೆದುಕೊಟ್ಟ ಫ್ಲುಒಕ್ಸೆಟಿನ್ ಚೀಟಿಯೂ ಫೈಲಿನಲ್ಲಿ ಸಿಕ್ಕಿತು. ಇವರು ಅದನ್ನು ಕೊಂಡಿರಲಿಲ್ಲ, ಪುಣ್ಯ. ಟಾಮೋಕ್ಸಿಫೆನ್ ಯಕೃತ್ತಿನಲ್ಲಿ ಬದಲಾದ ಮೇಲೆಯೇ ಪೂರ್ತಿ ಕೆಲಸಕ್ಕೆ ಬರುವುದು. ಫ್ಲುಒಕ್ಸೆಟಿನ್, ಅದೇ ಗುಂಪಿನ ಪ್ಯಾರಾಕ್ಸೆಟಿನ್ ಆ ಬದಲಾವಣೆಗೆ ಅಡ್ಡ ಬರುತ್ತವೆ. ಯಾವ ಡಾಕ್ಟರ ಹತ್ತಿರ ಹೋದರೂ, ಹಲ್ಲುನೋವಿಗೇ ಆಗಲಿ, ಈ ಮಾತ್ರೆಯ ಹೆಸರು ಮೊದಲು ಹೇಳಬೇಕು.

ಯಜಮಾನರನ್ನು ಬೇರೆ ದಿನ ಕರೆಸಿದೆ. ಅಕ್ಕನ ಒಪ್ಪಿಗೆ ಕೇಳಿಯೇ. ತೊಂದರೆ ಕೊಡಬಾರದು ಎಂದು ಜಗುಲಿಗೆ ಹೋದೆ ಎಂದರು. ಸ್ವಲ್ಪ ಹೊತ್ತು ಬಿಟ್ಟು, ಗಾಯದ ಗುರುತು ನೋಡಲು ಹೆದರಿಕೆಯೂ ಇತ್ತು ಎಂದರು. ಎರಡೂ ನಿಜವೇ. ಮುಟ್ಟಿದರೆ ಕಾಯಿಲೆ ಅಂಟುವುದಿಲ್ಲ, ಮುಟ್ಟಿದ್ದರಿಂದ ಅದು ತಿರುಗಿ ಬರುವುದೂ ಇಲ್ಲ ಎಂದು ಬಿಡಿಸಿ ಹೇಳಿದೆ. ನೀರಿನ ಅಂಶದ ಜೆಲ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಈಸ್ಟ್ರೋಜನ್ ಕ್ರೀಮ್ ಮಾತ್ರ ಕೇಳದೆ ಬೇಡ, ಮೊದಲು ಒಳಗೆ ಬಂದು ಮಲಗಿ, ಉಳಿದದ್ದಕ್ಕೆ ಅವಸರವಿಲ್ಲ ಎಂದೆ. ಆ ಮನುಷ್ಯ ತಲೆ ಎತ್ತದೆ "ಆಯ್ತು" ಎಂದರು.

ಹುಬ್ಬಳ್ಳಿಯ ಡಾಕ್ಟರ್ ಬೈಯಲಿಲ್ಲ. ಪರೀಕ್ಷೆ ಮಾಡಿ, ಅದೇ ಮಾತ್ರೆ ಮತ್ತೆ ಶುರು ಮಾಡಿಸಿದರು. ಝಳಕ್ಕೆ ಸಣ್ಣ ಪ್ರಮಾಣದ ವೆನ್ಲಾಫ್ಯಾಕ್ಸಿನ್ ಕೊಟ್ಟರು, ಅದು ಟಾಮೋಕ್ಸಿಫೆನ್‌ಗೆ ಹೆಚ್ಚು ಅಡ್ಡ ಬರುವುದಿಲ್ಲ. ಕಾಲು ಬಾತು ನೋವಾದರೆ, ಏಕಾಏಕಿ ಉಸಿರು ಕಟ್ಟಿದರೆ ರಕ್ತ ಹೆಪ್ಪುಗಟ್ಟಿರಬಹುದು, ತಕ್ಷಣ ಆಸ್ಪತ್ರೆಗೆ ಹೋಗಬೇಕು ಎಂದರು. ಮುಟ್ಟು ನಿಂತ ಮೇಲೆ ರಕ್ತ ಕಂಡರೂ ತಡ ಮಾಡದೆ ತೋರಿಸಬೇಕು. ಗರ್ಭಕೋಶದಲ್ಲಿ ಈ ಮಾತ್ರೆ ಈಸ್ಟ್ರೋಜನ್‌ನಂತೆಯೇ ವರ್ತಿಸಿ ಒಳಪದರ ದಪ್ಪ ಮಾಡಬಹುದು, ಅಪರೂಪಕ್ಕೆ ಅಲ್ಲಿ ಕ್ಯಾನ್ಸರ್ ಕೂಡ ಆಗಬಹುದು.

ಈಗ ಝಳ ಪೂರ್ತಿ ಹೋಗಿಲ್ಲ, ದಿನಕ್ಕೆ ಮೂರು ನಾಲ್ಕು ಸಲ ಬರುತ್ತದೆ. ಈ ಸಲದ ಕೊಯ್ಲಿಗೆ ಅಡಿಕೆ ಒಲೆಯ ಮುಂದೆ ನಿಂತವರು ನಾದಿನಿ. ಮಾತ್ರೆ ಬಿಟ್ಟಿದ್ದ ವಿಷಯ ಯಜಮಾನರಿಗೆ ಹೇಳಿದ್ದಾರೆ, ಅತ್ತೆಗೆ ಇನ್ನೂ ಹೇಳಿಲ್ಲ. ಹೇಳಲೇಬೇಕು ಎಂದು ನಾನೂ ಒತ್ತಾಯ ಮಾಡಿಲ್ಲ.